ಎಳೆದೂ ಬಿಡದ ಬಾಣ

ಬಿಲ್ಲು ಹಿಡಿದವರಿಗೆ ಗುರಿಯ ಹೊರತು ಬೇರೇನೂ ಕಾಣಬಾರದು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಬಿಲ್ಲು ಮುಟ್ಟಿದವರೆಷ್ಟು ಮಂದಿ ಎಂದು ಯಾರೂ ಕೇಳುವುದಿಲ್ಲ. ಶಾಲೆ ಬೇಗ ಬಿಟ್ಟು, ಕೈಗೆ ಸಿಕ್ಕಿದ್ದನ್ನು ಓದಿ ಕಲಿತವನು ನಾನು. ಕಣ್ಣಾರೆ ಕಾಣದ್ದನ್ನು ಸುಲಭವಾಗಿ ಒಪ್ಪುವುದಿಲ್ಲ.

ನನ್ನ ಮಗಳ ಮಗಳಿಗೆ ಇಪ್ಪತ್ತೆರಡು ವರ್ಷ. ಮಾರಿಕುಪ್ಪಂ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಬೆಳಗ್ಗೆ ಬಂಗಾರಪೇಟೆಯಲ್ಲಿ ಜನ ನುಗ್ಗಿದಾಗ ಉಸಿರು ಕಟ್ಟಿ, ಕೈಕಾಲು ನಡುಗಿ ಇಳಿದುಬಿಟ್ಟಳು. ಆಮೇಲೆ ನಿಲ್ದಾಣದ ಕಡೆಗೇ ಸುಳಿಯಲಿಲ್ಲ. ಯುಗಾದಿಯೊಳಗೆ ಬಾರದಿದ್ದರೆ ಕೆಲಸ ಹೋಗುತ್ತದೆಂದು ಕಚೇರಿಯವರು ತಿಳಿಸಿದರು. ವೈದ್ಯರು ಧೈರ್ಯ ಹೇಳಿ, ಮನಸ್ಸು ನಿಲ್ಲುವಂಥದ್ದೇನಾದರೂ ಕಲಿಯಲಿ ಎಂದರು.

ಉರಿಗಾಂನಲ್ಲಿ, ಹಳೆಯ ಚಿನ್ನದ ಗಣಿಯ ಮಣ್ಣಿನ ದಿಬ್ಬದ ಕೆಳಗೆ, ನಿವೃತ್ತ ವ್ಯಾಯಾಮ ಶಿಕ್ಷಕಿಯೊಬ್ಬರು ಭಾನುವಾರಗಳಂದು ಬಿದಿರಿನ ಬಿಲ್ಲು ಕಲಿಸುತ್ತಾರೆ. ಗುರಿಯೆಂದರೆ ಬಿಗಿಯಾಗಿ ಕಟ್ಟಿದ ರಾಗಿ ಹುಲ್ಲಿನ ಹೊರೆ. ಅದು ಬರುವುದು ಕ್ಯಾಸಂಬಳ್ಳಿಯ ಹಾಲು ಮಾರುವವರ ಮನೆಯಿಂದ, ಹಸುವಿನ ಮೇವಾಗಿ ಮರಳುವುದೂ ಅಲ್ಲಿಗೇ. ಮನೆಯಾಕೆ ಪ್ರತಿ ಸಲವೂ ಎಚ್ಚರಿಸುತ್ತಾಳೆ: "ಬಾಣ ಎಲ್ಲಾ ಕಿತ್ಕೊಂಡು ಕೊಡ್ರಮ್ಮ. ನಮ್ ಅಸ ಅಲ್ಲುಜ್ಜೋಕೆ ಕಡ್ಡಿ ಕೇಳಿಲ್ಲ."

ಅಲ್ಲಿಗೆ ಸೇರಿದ ಮೊದಲ ವಾರಗಳಲ್ಲಿ ಮೊಮ್ಮಗಳು ಹೆದೆ ಎಳೆದಳೆಂದರೆ ಭುಜದಿಂದ ಬೆರಳಿನವರೆಗೆ ನಡುಕ. ಗುರಿಯನ್ನೇ ನೋಡು ಎಂದು ಪಕ್ಕದವರು ಹೇಳಿದಷ್ಟೂ ಅದು ಹೆಚ್ಚಿತು. ನಡುಕದಿಂದ ಪಾರಾಗಲೆಂದೇ ಅವಸರದಲ್ಲಿ ಬಾಣ ಬಿಡುತ್ತಿದ್ದಳು. ಅದು ದಿಬ್ಬದ ಮಣ್ಣಿಗೆ ಹೋಗಿ ನಾಟುತ್ತಿತ್ತು. ಶಿಕ್ಷಕಿ ಹತ್ತಿರ ಬಂದರು.

"ಎಳೆದ ಮೇಲೆ ಬಿಡ್ಲೇಬೇಕು ಅಂತ ಯಾರಮ್ಮ ಅಂದಿದ್ದು? ಆಗ್ದಿದ್ರೆ ಮೆತ್ತಗೆ ಇಳಿಸ್ಕೊ. ಉಸಿರು ತಗೊಂಡು ಮತ್ತೆ ಎಳಿ."

ಅಲ್ಲಿನ ವಾಡಿಕೆಯೇ ಅದು. ಎಳೆದ ಬಿಲ್ಲನ್ನು ಇಳಿಸಿದವರನ್ನು ಯಾರೂ ಅಣಕಿಸುವಂತಿಲ್ಲ. ಅವರು ಮತ್ತೆ ಎತ್ತುವವರೆಗೆ ಇಡೀ ಸಾಲು ಕಾಯುತ್ತದೆ. ಬಿಟ್ಟ ಬಾಣ ಮರಳಿ ಬಾರದು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಎಳೆದೂ ಬಿಡದ ಬಾಣದ ಬಗ್ಗೆ ಆ ಮಾತು ಕಟ್ಟಿದವರು ಯೋಚಿಸಿದಂತಿಲ್ಲ.

ಅವಳು ಇಳಿಸುವುದನ್ನು ಕಲಿತಳು. ನಡುಕ ಬರುತ್ತದೆ, ತುಸು ಹೊತ್ತಿದ್ದು ತಾನೇ ಹೋಗುತ್ತದೆ ಎಂದು ಒಮ್ಮೆ ಊಟದ ನಡುವೆ ಅವಳಾಗಿಯೇ ಹೇಳಿದಳು. ಬೀಸುವ ಗಾಳಿ, ಪಕ್ಕದವಳ ಕೆಮ್ಮು, ದೂರದ ರೈಲಿನ ಸದ್ದು ಎಲ್ಲವೂ ಅರಿವಿನಲ್ಲಿರುವಾಗಲೇ ಬಾಣಗಳು ಹುಲ್ಲಿಗೆ ತಾಗತೊಡಗಿದವು.

ಯುಗಾದಿಗೆ ಮುಂಚಿನ ಸೋಮವಾರ ಅವಳೊಡನೆ ನಾನೂ ರೈಲು ಹತ್ತಿದೆ. ಬೆಂಗಳೂರಿನವರೆಗೂ ಬರುವೆನೆಂದು ಹಟ ಹಿಡಿದಿದ್ದೆ. ಬಂಗಾರಪೇಟೆಯಲ್ಲಿ ಜನ ನುಗ್ಗಿದರು. ಕಂಬಿಯ ಮೇಲೆ ಅವಳ ಬೆರಳುಗಳು ನಡುಗಿದ್ದನ್ನು ಕಂಡೆ. ಅವಳು ಕಣ್ಣು ಮುಚ್ಚಲಿಲ್ಲ. ಉಸಿರು ತೆಗೆದುಕೊಂಡು ನನ್ನತ್ತ ತಿರುಗಿದಳು.

"ತಾತ, ನೀನ್ ಇಳ್ಕೊ. ನಾನ್ ಓಗ್ತೀನಿ."

"ಕೈ ನಡುಗ್ತೈತಲ್ಲಮ್ಮ."

"ಐತೆ. ಆದ್ರೂ ಓಗ್ತೀನಿ. ನೀನ್ ಇಳುದ್ರೆ ಇನ್ನೊಬ್ರಿಗೆ ಜಾಗ ಆಗ್ತೈತೆ."

ಇಳಿದೆ. ಬಿಲ್ಲೇ ಅವಳನ್ನು ಗುಣಪಡಿಸಿತೆಂದು ಸಾರಲಾರೆ. ವೈದ್ಯರ ಮಾತು, ಕಳೆದ ಕಾಲ, ನನ್ನಿಂದಲೇ ಅವಳಿಗೆ ಬಂದಿರಬಹುದಾದ ಹಟ ಎಲ್ಲವೂ ಸೇರಿರಬಹುದು. ಸಂಜೆ ಮನೆಗೆ ಬಂದವಳು ಹಸಿವೆಂದು ಇನ್ನೊಂದು ಮುದ್ದೆ ಕೇಳಿದಳು. ಮರುದಿನ ಒಬ್ಬಳೇ ಹೋದಳು.