ಬಿಳಿ ರಸ್ತೆಗೆ ಸಗಣಿ ಸಾರಿಸಿದ ಚಿಕ್ಕಮುನಿಯಮ್ಮ

ದೊಡ್ಡನೆಕ್ಕುಂದಿಯ ಹಳೇ ಊರಿನಲ್ಲಿ ಯಾರಾದರೂ ಟೇಪು ಬಿಚ್ಚಿದರೆ ಸಾಕು, ಚಿಕ್ಕಮುನಿಯಮ್ಮ ಒಲೆಯ ಮೇಲಿನ ಎಸರನ್ನೂ ಬಿಟ್ಟು ಬೀದಿಗೆ ಬಂದು ನಿಲ್ಲುತ್ತಿದ್ದಳು. ಅಳೆಯುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕಾರಣವೂ ಇತ್ತು. ಅವಳು ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ ಯಾರೋ ಸರಪಳಿ ಹಿಡಿದು ಅವರ ರಾಗಿ ಹೊಲಕ್ಕೆ ಇಳಿದಿದ್ದರು. ಪಾಪ, ಬಿಸಿಲಲ್ಲಿ ಬಂದವರೆಂದು ಇವಳೇ ಗಡಿಗೆ ಹೊತ್ತುಕೊಂಡು ಹೋಗಿ ಮಜ್ಜಿಗೆ ಕೊಟ್ಟಳು. ಕುಡಿದರು, ತೇಗಿದರು, ಹೊಲದ ನಡುವೆ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟು ಹೋದರು. ಈಗ ಅಲ್ಲಿ ಕಾರ್ಖಾನೆಯ ಕಾಂಪೌಂಡು. ಅಂದಿನಿಂದ ಅಳೆಯಲು ಬಂದವರಿಗೆ ಆ ಮನೆಯಲ್ಲಿ ಮಜ್ಜಿಗೆಯಿರಲಿ, ನೀರೂ ಹುಟ್ಟುವುದಿಲ್ಲ.

ಹೊಲ ಹೋದ ಮೇಲೆ ಉಳಿದದ್ದು ಮನೆ, ಮನೆಮುಂದಿನ ಕಲ್ಲುಚಪ್ಪಡಿಯ ಜಗಲಿ, ಜಗಲಿಯ ಮೇಲೆ ಕೂರುವ ಗಂಡ ದೊಡ್ಡಮುನಿಯಪ್ಪ. ಸಕ್ಕರೆ ಕಾಯಿಲೆಯಿಂದ ಅವನ ಪಾದಗಳು ಜೋಮು ಹಿಡಿದು ಹೋಗಿದ್ದವು. ಮುಳ್ಳು ಚುಚ್ಚಿದರೂ ತಿಳಿಯದು, ಕೆಂಡ ತುಳಿದರೂ ತಿಳಿಯದು. ಆದರೂ ಮಧ್ಯಾಹ್ನ ಉಂಡ ಮೇಲೆ ರಸ್ತೆ ದಾಟಿ ಮುನೇಶ್ವರನ ಕಟ್ಟೆಗೆ ಹೋಗಿ ಕೂರಲೇಬೇಕು, ಅದೂ ಬರಿಗಾಲಲ್ಲಿ. ದೇವರ ಕಟ್ಟೆಗೆ ಚಪ್ಪಲಿ ಮೆಟ್ಟಿ ಹೋಗು ಎಂದರೆ ಹೆಂಡತಿಯನ್ನೇ ದುರುಗುಟ್ಟಿ ನೋಡುತ್ತಿದ್ದ. ಪ್ರತಿ ಬೇಸಿಗೆಯಲ್ಲೂ ಟಾರು ಸುಟ್ಟು ಅಂಗಾಲಿನಲ್ಲಿ ಬೊಬ್ಬೆ ಏಳುತ್ತಿದ್ದವು. ಹೋದ ವರ್ಷ ಒಂದು ಬೆರಳು ತೆಗೆದ ಡಾಕ್ಟರು, "ಇನ್ನೊಂದ್ಸಲ ಹುಣ್ಣಾದ್ರೆ ಪಾದಾನೇ ತೆಗೀಬೇಕಾಗತ್ತೆ ನೋಡಮ್ಮ" ಎಂದು ಕಳಿಸಿದ್ದರು. ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಎರಡು ಸಾವಿರದ ಎಂಟರ ಶಿವರಾತ್ರಿ ಕಳೆದ ಮೇಲೆ ಪಂಚಾಕ್ಷರಿ ಎಂಬ ಇಂಜಿನಿಯರು ಬಂದ. ಗದಗದ ಕಡೆಯವನು, ಸಿ.ವಿ. ರಾಮನ್ ನಗರದ ಯಾವುದೋ ಕಂಪನಿಯಲ್ಲಿ ಕೆಲಸ. ಜೊತೆಗೆ ಡಬ್ಬಗಟ್ಟಲೆ ಬಿಳಿ ಬಣ್ಣ, ನಾಲ್ಕಾರು ಆಳುಗಳು.

"ಟಾರಿನ ಮ್ಯಾಲೆ ಇದನ್ನ ಬಳದ್ರ ರಸ್ತಿ ಅಷ್ಟು ಕಾಯಂಗಿಲ್ರೀ ಅವ್ವಾರ" ಎಂದ. "ಮೊದ್ಲು ನಿಮ್ಮ ಓಣ್ಯಾಗ ಹಚ್ಚಿ ನೋಡ್ತೀವಿ. ಚಲೋ ಆದ್ರ ಮುಂದ ಬ್ಯಾರೆ ಕಡೆ."

"ನಮ್ ಬೀದೀನೇ ಯಾಕೆ?"

"ಒಂದು ಗಿಡಾ ಇಲ್ಲ, ನೆಳ್ಳಿಲ್ಲ. ಬಿಸ್ಲು ಭಾಳ ಐತ್ರಿ ಇಲ್ಲೆ."

"ಬಿಸ್ಲು ನಮ್ ಮಾವನ ಕಾಲದಿಂದ್ಲೂ ಐತೆ. ಇವತ್ತೇನು ನಿಮ್ಗೆ ದಿಢೀರಂತ ಕನಿಕರ ಬಂದಿದ್ದು?"

ಅವನು ನಕ್ಕ. ನಗುತ್ತಾ ಮಾತಾಡುವ ಆಫೀಸಿನವರೆಂದರೆ ಅವಳಿಗೆ ಅನುಮಾನ ಇಮ್ಮಡಿ. ಬಣ್ಣ ಒಣಗಿದ ಮೇಲೆ ಅವನು ಸರಿಯಾಗಿ ಅವಳ ಜಗಲಿಯ ಮುಂದೆಯೇ ಬಗ್ಗಿ, ಕೆಂಪು ಬಣ್ಣದಲ್ಲಿ ಒಂದು ಸುತ್ತು ಎಳೆದು ಒಳಗೆ ನಂಬರು ಬರೆದ. ಇಲ್ಲಿ ಬಿಸಿ ಅಳೆಯುತ್ತೇವೆ ಎಂದೇನೋ ಹೇಳಿದ. ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊಲದ ಕಲ್ಲಿನ ಮೇಲಿದ್ದದ್ದೂ ಇದೇ ಕೆಂಪು. ರಸ್ತೆ ತಣ್ಣಗಾಗುವುದಂತೆ! ಇದು ರಸ್ತೆ ಅಗಲ ಮಾಡುವ ಹುನ್ನಾರ, ಮೊದಲು ಹೋಗುವುದು ಜಗಲಿ. ಜಗಲಿ ಹೋದರೆ ಆ ಮನುಷ್ಯ ಕೂರುವುದೆಲ್ಲಿ?

ಜಗಳವಾಡಿ ಪ್ರಯೋಜನವಿಲ್ಲವೆಂದು ಹೊಲ ಹೋದಾಗಲೇ ಕಲಿತಿದ್ದಳು. ಮರುದಿನ ಬೆಳಗಾಗುತ್ತಲೇ ಪಕ್ಕದ ಮನೆ ಯಂಕಮ್ಮನ ಕೊಟ್ಟಿಗೆಯಿಂದ ಮಂಕರಿ ತುಂಬ ಸಗಣಿ ತಂದಳು. ಎಂದಿನಂತೆ ತೆಳ್ಳಗೆ ಸಗಣಿನೀರು ಚಿಮುಕಿಸುವ ಬದಲು, ಜಗಲಿಯಿಂದ ರಸ್ತೆಯ ನಡುವಿನವರೆಗೆ ಗಟ್ಟಿಯಾಗಿ ಸಾರಿಸಿ, ಕೆಂಪು ಸುತ್ತಿನ ನೆತ್ತಿಯ ಮೇಲೆ ರಂಗೋಲಿ ಬಿಟ್ಟಳು.

"ಗುರುತಿದ್ರೆ ತಾನೆ ಒಡೆಯಾಕೆ ಬರಾದು?" ಎಂದು ಯಂಕಮ್ಮನಿಗೆ ಹೇಳಿದಳು. "ಗುರುತೇ ಕಾಣ್ದಂಗೆ ಸಾರ್ಸು."

ಯಂಕಮ್ಮನಿಗೆ ಹೇಳಿದರೆ ಊರಿಗೆ ಡಂಗುರ ಸಾರಿದಂತೆ. ವಾರ ಕಳೆಯುವುದರೊಳಗೆ ಬೀದಿಯ ಹೆಂಗಸರೆಲ್ಲ ಸೆರಗು ಕಟ್ಟಿ ನಿಂತರು. ಬಿಳಿ ರಸ್ತೆ ಹಸಿರಾಯಿತು, ಆಮೇಲೆ ಕಂದಾಯಿತು, ಯುಗಾದಿ ಹೊತ್ತಿಗೆ ಕಪ್ಪಗೆ ಹಕ್ಕಳೆಗಟ್ಟಿತು. ಪಿಸ್ತೂಲಿನಂಥ ಅಳತೆಯ ಯಂತ್ರ ಹಿಡಿದು ಬಂದ ಪಂಚಾಕ್ಷರಿ ತಲೆ ಕೆರೆದುಕೊಂಡ.

"ಅವ್ವಾರ, ಸ್ವಲ್ಪ ದಿನ ಸಗಣಿ ಬಿಡಾಕ ಆಗಂಗಿಲ್ಲೇನ್ರಿ?"

"ಬಾಗ್ಲಿಗೆ ಸಗಣಿ ಹಾಕ್ಬೇಡ ಅಂತೀಯಾ? ನಿಮ್ಮಮ್ಮಂಗೆ ಹೋಗಿ ಹೇಳಪ್ಪ ಈ ಮಾತ್ನ!"

ಅವನ ತಾಯಿಯೂ ದಿನಾ ಸಾರಿಸುವವಳೇ ಇರಬೇಕು. ಪಾಪ, ಸಗಣಿಯ ಮೇಲೆಯೇ ಯಂತ್ರ ಹಿಡಿದು ಬಿಸಿ ಎಷ್ಟೆಂದು ಬರೆದುಕೊಂಡು ಹೊರಟುಹೋದ. ಚಿಕ್ಕಮುನಿಯಮ್ಮ ಗೆದ್ದೆನೆಂದು ಬೀಗಿದಳು.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಶಿವರಾತ್ರಿ ಕಳೆದು ಬಿಸಿಲೇರಿದರೂ ಗಂಡನ ಅಂಗಾಲು ನುಣ್ಣಗೇ ಇತ್ತು. ಮುನೇಶ್ವರ ಕಣ್ಣು ಬಿಟ್ಟ ಎಂದು ಅವಳು ತೆಂಗಿನಕಾಯಿಯನ್ನೂ ಒಡೆಸಿದ್ದಳು. ಯುಗಾದಿಯಾದ ಮೇಲೆ ಒಂದು ಸಂಜೆ ಕಾಲು ತೊಳೆಸುವಾಗ ಹಿಮ್ಮಡಿಯಲ್ಲಿ ಬೊಬ್ಬೆ ಕಂಡಿತು. ದೇವರನ್ನೇ ಬಾಯಿಗೆ ಬಂದಂತೆ ಬೈದಳು.

ಮರುದಿನ ಮಧ್ಯಾಹ್ನ ಗಂಡನ ತೋಳು ಹಿಡಿದು ತಾನೂ ಬರಿಗಾಲಲ್ಲಿ ಕಟ್ಟೆಗೆ ಹೊರಟಳು. ಮನೆಮುಂದೆ ಕಾಲಿಟ್ಟರೆ ಚುರ್ ಎಂದಿತು. ಅವನನ್ನು ಕಟ್ಟೆಯ ಮೇಲೆ ಕೂರಿಸಿ ಮರಳುವಾಗ ಒಂದು ಟೆಂಪೊ ಅಡ್ಡ ಬಂತು. ಅದಕ್ಕೆ ದಾರಿ ಬಿಡಲು ಪಕ್ಕದ ಖಾಲಿ ಸೈಟಿನ ಮುಂದೆ ಸರಿದಳು. ಅಲ್ಲಿ ಮನೆಯಿಲ್ಲ, ಸಾರಿಸುವವರೂ ಇಲ್ಲ, ಹಚ್ಚಿದ ಬಿಳಿ ಹಾಗೇ ಇತ್ತು. ಕಾಲು ಸುಡಲಿಲ್ಲ. ಬಿಸಿ ಇತ್ತು, ತಡೆಯುವಷ್ಟು. ಮತ್ತೆ ಮನೆಮುಂದೆ ಬಂದು ನಿಂತಳು. ಸುಟ್ಟಿತು. ಮತ್ತೆ ಸೈಟಿನ ಮುಂದೆ ಹೋದಳು. ನೋಡಿದವರು ಮುದುಕಿಗೆ ಬಿಸಿಲು ತಲೆಗೇರಿತು ಅಂದುಕೊಂಡಿರಬೇಕು. ಗಂಡನ ಕಾಲು ಕಾಯುತ್ತಿದ್ದದ್ದನ್ನು ತಾನೇ ಕೈಯಾರೆ ಮುಚ್ಚಿಬಿಟ್ಟಿದ್ದಳು.

ಕೂಡಲೇ ಕೊಡ, ತೆಂಗಿನ ನಾರು ಹಿಡಿದು ಉಜ್ಜಲು ಕೂತಳು. ಸಗಣಿಯ ಜೊತೆ ಬಣ್ಣವೂ ಎದ್ದು ಬಂತು. ಎರಡು ದಿನದ ನಂತರ ಪಂಚಾಕ್ಷರಿ ಬಂದಾಗ ಅವಳು ಒಳಗೆ ಹೋಗಿ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದು ಅವನ ಕೈಗಿಟ್ಟಳು. ಯಂಕಮ್ಮ ತನ್ನ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟು ನೋಡಿದಳು. ಚಿಕ್ಕಮುನಿಯಮ್ಮ ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು.

ಅವನು ಲೋಟ ಕೆಳಗಿಟ್ಟ. "ರಿಪೋರ್ಟು ಹೋಗಿಬಿಟ್ಟೈತ್ರಿ ಅವ್ವಾರ. ಇಂಥಾ ಓಣ್ಯಾಗ ಈ ಬಣ್ಣ ಉಪಯೋಗ ಇಲ್ಲ ಅಂತ ಆಗೇತಿ. ಮತ್ತ ಟಾರು ಹಾಕ್ತಾರಂತ."

"ಇನ್ನೊಂದ್ಸಲ ಬಳಿ ಮಗ. ಸಗಣಿ ಮುಟ್ಟಲ್ಲ, ಮುನೇಶ್ವರನಾಣೆ."

"ಮ್ಯಾಲಿನವ್ರನ್ನ ಕೇಳಿ ನೋಡ್ತೀನ್ರಿ."

ಕೇಳುತ್ತಾನೋ ಇಲ್ಲವೋ ಎಂದು ಅವಳಿಗೆ ಆಗಲೂ ಅನುಮಾನವೇ. ಅವನು ಕೇಳಿದನೋ ಏನೋ, ಬಂದದ್ದು ಮಾತ್ರ ಟಾರಿನ ಲಾರಿ. ಜಗಲಿಯನ್ನು ಯಾರೂ ಮುಟ್ಟಲಿಲ್ಲ. ಖಾಲಿ ಸೈಟಿನ ಮುಂದಿದ್ದ ಬಿಳಿಯೂ ಕರ್ರಗೆ ಮುಚ್ಚಿಹೋಯಿತು.

ಅವತ್ತಿನಿಂದ ಮಧ್ಯಾಹ್ನದ ಊಟವಾದ ಮೇಲೆ ಚಿಕ್ಕಮುನಿಯಮ್ಮ ಕಂಕುಳಲ್ಲಿ ಕೊಡ ಇಟ್ಟುಕೊಂಡು ಗಂಡನಿಗಿಂತ ಮೊದಲು ಬೀದಿಗಿಳಿಯುತ್ತಾಳೆ.

"ನಾನೇನು ಉತ್ಸವದ ದೇವ್ರಾ, ಮುಂದೆ ಮುಂದೆ ನೀರು ಹುಯ್ಕೊಂಡು ಹೋಗಾಕೆ?" ಎಂದು ದೊಡ್ಡಮುನಿಯಪ್ಪ ರೇಗುತ್ತಾನೆ.

"ನೆಲ ಸುಡ್ತೈತೆ."

"ನಂಗೇನೂ ಗೊತ್ತಾಗ್ತಿಲ್ವಲ್ಲ."

"ನಂಗೆ ಗೊತ್ತಾಗ್ತೈತೆ."

ನೀರು ಹುಯ್ದ ಕಡೆ ಮೊದಲು ತನ್ನ ಬರಿಗಾಲು ಊರುತ್ತಾಳೆ. ತಡೆಯುವಂತಿದ್ದರೆ ಮಾತ್ರ, ಬಾ ಎಂದು ಅವನಿಗೆ ಕೈ ಚಾಚುತ್ತಾಳೆ.