ಸ್ಯಾಕ್ಸೊಫೋನಿನ ಧಾರೆ

1990ರ ಆರಂಭದಲ್ಲಿ, ಗಲ್ಫಿನಲ್ಲಿದ್ದಾಗ, ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಗಂಭೀರ ಕಳ್ಳತನವೊಂದು ನಡೆಯಿತು. ಜೊತೆಗಿದ್ದ ಶೇಖರಣ್ಣನ ಚರ್ಮದ ಪರ್ಸು ಮಾಯವಾಗಿ, ಅದರೊಳಗಿದ್ದ ದಿನಾರುಗಳು ಮಾತ್ರ ಮೇಜಿನ ಮೇಲೆ ಉಳಿದಿದ್ದವು. ಕಳ್ಳ ನಾನೇ. ಶುವೈಖಿನ ಗುಜರಿಯಲ್ಲಿ ಸಿಕ್ಕಿದ ಹಳೆಯ ಸ್ಯಾಕ್ಸೊಫೋನೊಂದನ್ನು ದುರಸ್ತಿ ಮಾಡುತ್ತಿದ್ದೆ. ಅದರ ತೂತು ಮುಚ್ಚುವ ಬಿಲ್ಲೆಗಳಿಗೆ ಮೆತ್ತನೆಯ ಚರ್ಮ ಬೇಕಿತ್ತು.

“ಶುಕ್ರವಾರದೊಳಗೆ ಆ ಸ್ಯಾಕ್ಸೊಫೋನು ಹೋಗ್ಬೇಕು, ಇಲ್ಲದಿದ್ರೆ ನೀನು ಹೋಗ್ಬೇಕು,” ಎಂದರು ಶೇಖರಣ್ಣ. ಫ್ಲ್ಯಾಟು ಅವರ ಹೆಸರಿನಲ್ಲಿತ್ತು.

ಶುಕ್ರವಾರ ಅದನ್ನು ಕೊಳ್ಳಲು ರಿಗ್ಗೈಯಿಂದ ಫ್ರೆಡಿ ಅಂಕಲ್ ಬಂದರು. ಮಂಗಳೂರಿನವರು; ಮದುವೆಗಳಲ್ಲಿ ಬ್ಯಾಂಡ್ ನುಡಿಸುವವರು. ಸ್ಯಾಕ್ಸೊಫೋನನ್ನು ತಿರುಗಿಸಿ ನೋಡಿ, “ಪಾಲಿಶ್ ಚಂದ ಉಂಟು. ಸ್ವರ ಬರ್ತದಾ? ಸ್ವಲ್ಪ ನುಡಿಸಿ ನೋಡುವ,” ಎಂದರು.

ನನಗೆ ಬರುತ್ತಿದ್ದದ್ದು ಊರಿನ ಮದುವೆಗಳಲ್ಲಿ ಕೇಳಿ ಕಲಿತ ಗಟ್ಟಿಮೇಳ ಒಂದೇ. ಕಣ್ಣು ಮುಚ್ಚಿ ಅದನ್ನೇ ಊದಿದೆ. ಅಡುಗೆಮನೆಯ ಬಾಗಿಲಲ್ಲಿ ಮುಖ ಗಂಟಿಕ್ಕಿಕೊಂಡು ಅಕ್ಕಿ ಆರಿಸುತ್ತಿದ್ದ ಶೇಖರಣ್ಣ ತಟ್ಟನೆ ಎದ್ದು, ನಮ್ಮಿಬ್ಬರ ತಲೆಯ ಮೇಲೆ ಒಂದು ಹಿಡಿ ಅಕ್ಕಿ ಎರಚಿದರು. ಎರಚಿದ ಮೇಲೆ ತಮ್ಮ ಕೈಯನ್ನೇ ದುರುಗುಟ್ಟಿ ನೋಡಿದರು.

“ಎಂಥ ಮಾರಾಯ್ರೇ ಇದು?” ಫ್ರೆಡಿ ಅಂಕಲ್ ಕೂದಲಿನಿಂದ ಅಕ್ಕಿ ಕೊಡವಿದರು.

“ಗಟ್ಟಿಮೇಳ ಕೇಳಿದ್ರೆ ಕೈ ನಿಲ್ಲುದಿಲ್ಲ,” ಎಂದರು ಶೇಖರಣ್ಣ, ತಪ್ಪೊಪ್ಪಿಗೆಯ ದನಿಯಲ್ಲಿ.

“ಸಿಟ್ಟಲ್ಲಿದ್ದವರ ಕೈಯಲ್ಲೂ ಅಕ್ಷತೆ ಹಾಕಿಸಿತಲ್ಲ! ಧಾರೆಯೇ ಆದ ಮೇಲೆ ಈ ಮದುಮಗಳನ್ನು ಇಲ್ಲಿ ಬಿಟ್ಟು ಹೋಗ್ಲಿಕ್ಕುಂಟಾ?” ಎಂದರು ಫ್ರೆಡಿ ಅಂಕಲ್. ಚೌಕಾಸಿ ಮಾಡಲಿಲ್ಲ.

ಸ್ಯಾಕ್ಸೊಫೋನು ಆ ಮಧ್ಯಾಹ್ನವೇ ಟ್ಯಾಕ್ಸಿಯಲ್ಲಿ ರಿಗ್ಗೈಗೆ ಹೋಯಿತು. ನಾನು ಫ್ಲ್ಯಾಟಿನಲ್ಲಿ ಉಳಿದೆ.