ದವಡೆಯೊಳಗಿನ ವಿಳಾಸ

ನಾನು ಸೀಟಿ ಹೊಡೆಯುತ್ತೇನೆ. ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು. ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ, ಪಾತ್ರೆ ತೊಳೆಯುವಾಗ, ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಮಾತ್ರ. ಕೆಳಗೆ ಓನರ್ ಆಂಟಿ ಇದ್ದಾರೆ, ಕೇಳಿಸಿಕೊಂಡರೆ ಏನೆಂದುಕೊಂಡಾರು?

ಕೆಳದವಡೆಯಲ್ಲಿ ನಾನು ಕಳೆದುಕೊಂಡ ಒಂದು ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಬೇಕಾಗಿತ್ತು. ಮೂಳೆಯನ್ನು ಕೊರೆದು ಲೋಹದ ತಿರುಪು ಕೂರಿಸುವ ಕೆಲಸ. "ಅದರ ಕೆಳಗೇ ತುಟಿಗೆ ಹೋಗೋ ನರ ಇದೆ. ಅದಕ್ಕೆ ಏಟಾದ್ರೆ ತುಟಿ ಜೋಮು ಹಿಡಿದ ಹಾಗೇ ಉಳಿದುಬಿಡಬಹುದು" ಎಂದರು ಡಾಕ್ಟರಮ್ಮ. ನನಗೆ ಊಟ ನೆನಪಾಗಲಿಲ್ಲ, ಸೀಟಿ ನೆನಪಾಯಿತು. "ಮಾತಿಗೆ ತೊಂದರೆ ಆಗುತ್ತಾ?" ಎಂದು ಸಭ್ಯವಾಗಿ ಕೇಳಿದೆ.

"ಕಂಪ್ಯೂಟರ್ ದಾರಿ ತೋರಿಸುತ್ತೆ, ಹೆದರ್ಬೇಡಿ."

ಆ ಯಂತ್ರವಿದ್ದುದು ಅವರ ಜಯನಗರದ ಕ್ಲಿನಿಕ್ಕಿನಲ್ಲಿ. ಅವರು ವಿಳಾಸ ಬರೆದುಕೊಟ್ಟ ಚೀಟಿಯನ್ನು ಪರ್ಸಿಗೆ ಸೇರಿಸುತ್ತಿದ್ದಾಗ ಆಟೋದವರು ಕೇಳಿದರು: "ಬರೀ ಫೋರ್ತ್ ಬ್ಲಾಕಾ ಮೇಡಂ, ಫೋರ್ತ್ ಟಿ ಬ್ಲಾಕಾ? ಎರಡೂ ಬೇರೆಬೇರೆ. ಚೀಟಿ ನೋಡ್ಬಿಡಿ ಒಂದ್ಸಲ."

"ಫೋರ್ತ್ ಬ್ಲಾಕೇ, ನನಗೆ ಗೊತ್ತು" ಎಂದೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳ ವಿಶ್ವಾಸವದು. ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸ್ ಸುತ್ತ ಅರ್ಧ ಗಂಟೆ ಅಲೆದ ಮೇಲೆ ಚೀಟಿ ತೆಗೆದು ನೋಡಿದೆ. ಫೋರ್ತ್ ಟಿ ಬ್ಲಾಕ್.

ಕುರ್ಚಿಯ ಮೇಲ್ಗಡೆ ಒಂದು ಕ್ಯಾಮೆರಾ. ನನ್ನ ಹಲ್ಲುಗಳಿಗೆ ಕಚ್ಚಿಸಿದ ಪಟ್ಟಿಯ ಮೇಲೆ ಗುರುತುಗಳು, ಡಾಕ್ಟರ ಡ್ರಿಲ್ಲಿನ ಮೇಲೂ ಗುರುತುಗಳು. ಎರಡನ್ನೂ ಅದು ಗಮನಿಸುತ್ತ, ಡ್ರಿಲ್ಲಿನ ತುದಿ ಎಲ್ಲಿದೆಯೆಂದು ನನ್ನ ಸ್ಕ್ಯಾನಿನ ಮೇಲೆ ತೋರಿಸುತ್ತದೆ. ಓರೆಗಣ್ಣಿನಿಂದ ಪರದೆ ನೋಡಿದೆ. ಬೂದುಬಣ್ಣದ ಮೂಳೆಯೊಳಗೆ ಕಿತ್ತಳೆ ಗೆರೆಯಾಗಿ ಹರಿದಿದ್ದ ನರ! ಇಷ್ಟು ವರ್ಷ ನನ್ನೊಳಗೇ ಇದ್ದು, ನನ್ನ ಗುಟ್ಟಿನ ಸೀಟಿಯನ್ನೆಲ್ಲ ಕಾಯ್ದದ್ದು ಇದೇ. ಮೊದಲ ಭೇಟಿ ಎಂಬಂತೆ ಮೈ ಜುಮ್ಮೆಂದಿತು.

ಆದರೆ ನಾನು ನಿಜವಾಗಿ ಬೆರಗಾದದ್ದು ಆಮೇಲೆ. ಡಾಕ್ಟರು ಡ್ರಿಲ್ ಚಾಲೂ ಮಾಡದೆ, ಅದರ ತುದಿಯನ್ನು ನನ್ನ ಗಟ್ಟಿ ಹಲ್ಲೊಂದಕ್ಕೆ ಸುಮ್ಮನೆ ಮುಟ್ಟಿಸಿದರು. ಪರದೆಯಲ್ಲಿ ತುದಿ ಹಲ್ಲಿನಿಂದ ಕೊಂಚ ಆಚೆ ಗಾಳಿಯಲ್ಲಿ ನಿಂತಿತ್ತು.

"ಪಟ್ಟಿ ಅಲ್ಲಾಡಿದೆ ಸಿಸ್ಟರ್. ಮತ್ತೆ ಮೊದಲಿಂದ."

ಪಟ್ಟಿ ಬಿಗಿಯಾಯಿತು, ತುದಿ ಹಲ್ಲಿನ ಮೇಲೇ ಕೂತಿತು. ಆಮೇಲೂ ಡ್ರಿಲ್ ಬದಲಿಸಿದಾಗಲೆಲ್ಲ ಅದೇ ಮುಟ್ಟಾಟ. ಕೊನೆಗೆ ನರಕ್ಕಿಂತ ಎರಡು ಮಿಲಿಮೀಟರ್ ಮೇಲೆಯೇ ನಿಲ್ಲಿಸಿದರು. "ಯಂತ್ರಕ್ಕೂ ಕೂದಲೆಳೆಯಷ್ಟು ತಪ್ಪು ಇದ್ದೇ ಇರುತ್ತೆ, ಅದಕ್ಕೆ ಜಾಗ ಬಿಡ್ಬೇಕು." ಕತ್ತಲ ಮೂಳೆಯೊಳಗೆ ದಾರಿ ಬಲ್ಲ ಯಂತ್ರ, ಅದನ್ನೂ ಹೆಜ್ಜೆಹೆಜ್ಜೆಗೆ ವಿಚಾರಿಸುವ ಕೈ. ಚೀಟಿ ನೋಡಿ ಎಂದ ಆ ಆಟೋದವರೂ ಇದೇ ಜಾತಿಯ ಕುಶಲಕರ್ಮಿ ಎಂದು ಬಾಯಿ ತೆರೆದು ಮಲಗಿದ್ದಾಗ ಹೊಳೆಯಿತು.

ಮನೆಗೆ ಬಂದಾಗ ತುಟಿ ಬೇರೆ ಯಾರದೋ ಆಗಿತ್ತು. ಇಂಜೆಕ್ಷನ್ನಿನ ಜೋಮು, ಇಳಿಯುತ್ತದೆ ಎಂದಿದ್ದರು. ಸಂಜೆ ಸಿಂಕಿನ ಬಳಿ ನಿಂತು, ನಲ್ಲಿ ಬಿಟ್ಟು, ಮೆಲ್ಲನೆ ಊದಿದೆ. ಬರೀ ಗಾಳಿ. ಸ್ವಲ್ಪ ಹೊತ್ತು ಕಾದು ಮತ್ತೆ ಊದಿದೆ. ಸಣ್ಣದೊಂದು ಸ್ವರ ಬಂತು, ನಡುಗುತ್ತ, ಆದರೆ ನನ್ನದೇ.

ಕೆಳಗಿನಿಂದ ಆಂಟಿಯ ದನಿ: "ಅಬ್ಬ, ಬಂತೇನಮ್ಮ ಸೀಟಿ? ಹಲ್ಲಿಗೆ ಆಪರೇಷನ್ನು ಅಂದಾಗಿಂದ ನಂಗದೇ ಯೋಚ್ನೆ. ಆ ನಲ್ಲಿ ನಿಲ್ಸು ಮೊದ್ಲು, ಟ್ಯಾಂಕ್ ಖಾಲಿ ಆಗೋಗುತ್ತೆ!"

ನೀರಿನ ಸದ್ದು ನನ್ನನ್ನು ಮರೆಮಾಡುತ್ತದೆಂದು ಮೂರು ವರ್ಷ ನಂಬಿದ್ದೆ. ಕೆಳಗಿಳಿದು ನಿಂತು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ನಲ್ಲಿ ನಿಲ್ಲಿಸಿ, ಇನ್ನೊಮ್ಮೆ ಊದಿದೆ.